ಕಣ್ಣಿನೆತ್ತರ ಕೂಡಿಸಿ

ಎದೆಮಟ್ಟ ಅಂದರೆ ಒಂದು ಮೀಟರ್ ಮೂವತ್ತು,
ಅಂದರು ಟ್ರೆವೆನಾ ಮೇಡಂ ಮೊದಲ ದಿನ, ಕ್ರೆಸ್ವಿಕ್‌ನ ಇಳಿಜಾರಿನಲ್ಲಿ.
ಯಾರ ಎದೆ, ಅಂತ ಕೇಳಲಿಲ್ಲ ನಾನು.
ನನಗದು ಗದ್ದ.
ಗದ್ದದ ಮಟ್ಟಕ್ಕೆ ಟೇಪು ಸುತ್ತಿ, ತೊಗಟೆಗೆ ಕೆನ್ನೆ ಕೊಟ್ಟು,
ಆ ಕಡೆಯಿಂದ ಬರುವ ತುದಿಯನ್ನು ತಡಕಿ ಹಿಡಿದು
ಸುತ್ತಳತೆ ಕೂಗುತ್ತೇನೆ.
ಬರೆದುಕೊಳ್ಳುವವ ಲಾಕ್ಲನ್, ಹತ್ತೊಂಬತ್ತರ ಹುಡುಗ,
ನನ್ನ ಅರ್ಧ ವಯಸ್ಸು, ಹೆಚ್ಚುಕಡಿಮೆ ಒಂದೂವರೆ ನಾನು.

ವಾರಕ್ಕೆ ನಾಲ್ಕು ರಾತ್ರಿ ಬ್ಯಾಲರಾಟ್‌ನ ವೃದ್ಧಾಶ್ರಮದ ಅಡುಗೆಮನೆ.
ಪಾತ್ರೆ ತೊಳೆಯುವ ಯಂತ್ರದ ಮೇಲೆ ಅಂಟಿಸಿದ ಚೀಟಿ:
ಮಣ್ಣಿನ ಪದರಗಳು, ಮೇಲಿಂದ ಕೆಳಕ್ಕೆ.
ಹಬೆಗೆ ಶಾಯಿ ಕರಗಿ ಬಿ ಪದರ ಸಿ ಪದರಕ್ಕೆ ಇಳಿದಿದೆ.
ಮಳೆ ಬಿದ್ದಾಗ ನೆಲದೊಳಗೂ ಹೀಗೇ ಅಂತೆ.
ಏಳನೇ ಕೋಣೆಯ ಆಲ್ಫ್, ಒಂದು ಕಾಲದ ಗರಗಸದ ಮಿಲ್ಲಿನವ,
ತಟ್ಟೆ ವಾಪಸು ಕೊಡುತ್ತ ಕೇಳುತ್ತಾನೆ: ಓದಿದರೆ ಮರ ಗೊತ್ತಾಗುತ್ತಾ?
ಎರಡೂ ಕೈ ಸೇರಿ ಅವನಿಗೆ ಏಳು ಬೆರಳು.

ಗಣಿತ ಬೇಕೇ ಬೇಕು ಅಂದಿತ್ತು ಅರ್ಜಿ.
ಎಸ್ಸೆಸ್ಸೆಲ್ಸಿಯಲ್ಲಿ, ಟ್ಯಾನ್ ತೀಟಾ ಯಾತಕ್ಕೆ ಸಾರ್, ಅಂದು
ಬೆಂಚಿನ ಮೇಲೆ ನಿಂತವಳು ನಾನು.
ಇಪ್ಪತ್ತೆರಡು ವರ್ಷ ತಡವಾಗಿ ಬಂತು ಉತ್ತರ:
ಬುಡದಿಂದ ಮೂವತ್ತು ಮೀಟರ್ ಹಿಂದಕ್ಕೆ ನಡೆ,
ತುದಿ ನೋಡು, ಕೋನ ಓದು, ಗುಣಿಸು.
ಮೂರು ಸಲ ಅಳೆದೆ. ಮೂರು ಸಲವೂ ನನ್ನ ಮರ
ಲಾಕ್ಲನ್‌ನ ಮರಕ್ಕಿಂತ ಗಿಡ್ಡ. ಒಂದೇ ಮರ.
ಮೇಡಂ ನಕ್ಕರು: ನಿನ್ನ ಕಣ್ಣಿನೆತ್ತರ ಕೂಡಿಸಿಲ್ಲ ನೀನು.
ಮರ ನೆಲದಿಂದ ಶುರು. ನಿನ್ನ ಲೆಕ್ಕ ಕಣ್ಣಿಂದ.

ಒಂದು ಮೀಟರ್ ಮೂವತ್ತೆಂಟು. ಕೂಡಿಸಿದೆ.
ಮಾಲೂರಿನ ತೋಪಿನಲ್ಲಿ ಅಮ್ಮನ ಹಿಂದೆ ನೀಲಗಿರಿ ತರಗು ಗುಡಿಸುವಾಗ
ಎಷ್ಟೆತ್ತರವಿತ್ತೋ ಈ ಕಣ್ಣು, ಎರಡು ಮೊಳವೋ, ಎರಡೂವರೆಯೋ.
ಮೊಗ್ಗು ಉದುರಿಸಿದ ಪುಟ್ಟ ಮುಚ್ಚಳ ಆರಿಸಿ
ಇರುವೆಗೆ ಟೋಪಿ ಅಂತ ಆಡುತ್ತಿದ್ದೆ.
ಬಾವಿ ಬತ್ತಿದ ವರ್ಷ ಊರೆಲ್ಲ ಅಂದಿತು,
ಈ ಮರ ನಮಗೆ ಟೋಪಿ ಹಾಕಿತು.
ಇಲ್ಲಿ ಮೂರನೇ ವಾರದ ಪಾಠದಲ್ಲಿ ಗ್ರೀಕ್ ಬಿಡಿಸಿ ಹೇಳಿದರು:
ಯೂ ಅಂದರೆ ಚೆನ್ನಾಗಿ, ಕಲಿಪ್ಟೋಸ್ ಅಂದರೆ ಮುಚ್ಚಿದ್ದು.
ಹೆಸರಲ್ಲೇ ಟೋಪಿ.
ಹಿಂದಿನ ಬೆಂಚಿನಲ್ಲಿ ಒಬ್ಬಳೇ ನಕ್ಕೆ.
ಪಕ್ಕದವರಿಗೆ ವಿವರಿಸಿದರೆ ಸತ್ತುಹೋಗುವ ನಗೆ ಅದು.

ಈ ಗುಡ್ಡವೂ ಒಮ್ಮೆ ಬೋಳಾಗಿತ್ತಂತೆ,
ಚಿನ್ನಕ್ಕೆ ತೋಡಿ, ಸುರಂಗದ ಆಸರೆಗೆ ಕಾಡು ಕಡಿದು.
ಕೋಲಾರದ ಕಡೆಯವಳಿಗೆ ಅದನ್ನೇನು ಹೇಳುವುದು.
ಇಲ್ಲಿ ಮಾತ್ರ ಈ ಮರದ ಮೇಲೆ ಯಾವ ಬಾವಿಯ ದೂರೂ ಇಲ್ಲ;
ತೊಗಟೆ ಸುಲಿದುಕೊಂಡು ನಿಂತಿದೆ,
ಸ್ವಂತ ಮನೆಯಲ್ಲಿ ಅಂಗಿ ಬಿಚ್ಚಿ ಕೂತವರ ಹಾಗೆ.

ಪರೀಕ್ಷೆಗೆ ಉದ್ದ ಮೇಜು, ನಲವತ್ತು ರೆಂಬೆ, ಒಂದೊಂದಕ್ಕೆ ಒಂದು ನಿಮಿಷ,
ಗಂಟೆ ಹೊಡೆದರೆ ಮುಂದಕ್ಕೆ.
ಮೆಸ್‌ಮೇಟ್, ಮ್ಯಾನಾ ಗಮ್, ಎರಡು ವಾಟಲ್, ಒಂದು ಗೊತ್ತಿಲ್ಲ.
ಇಪ್ಪತ್ತಾರನೆಯದಕ್ಕೆ ಲೆನ್ಸ್ ತೆಗೆಯಲೇ ಇಲ್ಲ.
ಎಲೆ ಕಿವುಚಿದೆ: ಮುದ್ದೆ ಬೇಯುವ ಒಲೆಯ ಹೊಗೆ,
ಅಮ್ಮನ ಸೆರಗು, ಉರಿಯುವ ಕಣ್ಣು.
ಕೈ ಕನ್ನಡದಲ್ಲೇ ಬರೆದುಬಿಟ್ಟಿತು, ನೀಲಗಿರಿ.
ಹೊಡೆದುಹಾಕಿ ಲ್ಯಾಟಿನ್ ಬರೆಯುವಷ್ಟರಲ್ಲಿ ಗಂಟೆ.
ಟೆರೆಟಿಕಾರ್ನಿಸ್‌ನಲ್ಲಿ ಒಂದು ಆರ್ ಬಿಟ್ಟುಹೋಯಿತು. ಅರ್ಧ ಅಂಕ ಖೋತಾ.

ಉತ್ತರಪತ್ರಿಕೆ ವಾಪಸು ಬಂದಾಗ, ಅಡ್ಡಗೆರೆಯ ಕೆಳಗಿನ ಆ ನಾಲ್ಕಕ್ಷರದ ಪಕ್ಕ
ಮೇಡಂ ಪೆನ್ಸಿಲಿನಲ್ಲಿ ಕೇಳಿದ್ದರು:
ಚೆನ್ನಾಗಿದೆ. ಇದು ಯಾವ ಬಳ್ಳಿಯ ಚಿತ್ರ?