ಚುಕ್ಕೆ ಎಲ್ಲಿ, ಫಾರ್ಕರ್ಸನ್?

ಮೊದಲ ಸಲ ಬಂದಾಗ ಮಳೆಯಿರಲಿಲ್ಲ, ಬರೀ ಕಾವಳ.
ಪೀಟರ್‌ಹೆಡ್ಡಿನ ಕೆಂಗಲ್ಲಿನ ಬೀದಿಗೆಲ್ಲ
ಒದ್ದೆ ಉಣ್ಣೆಯ ವಾಸನೆ.
ನಿಮ್ಮ ಬಾಗಿಲ ಗಂಟೆ ಟಿಣ್ಣೆಂದಿತು. ನೀವು
ನನ್ನ ಮುಖ ನೋಡಲಿಲ್ಲ, ಬೂಟು ನೋಡಿದಿರಿ,
ಹುರುಪೆ ಅಂಟಿದ ರಬ್ಬರು ಬೂಟು.

ಉಂಗುರದ ಉಗುರೊಂದು ಸಡಿಲ, ಅಂದೆ.
ಕಲ್ಲು ಹಿಡಿದ ನಾಲ್ಕು ಉಗುರಲ್ಲಿ ನಾಲ್ಕನೆಯದು
ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿದೆ ನೋಡಿ,
ಸ್ವೆಟರಿನ ಎಳೆ ಕಚ್ಚುತ್ತದೆ,
ನಿದ್ದೆಯಲ್ಲಿ ಕೆನ್ನೆ ಗೀರುತ್ತದೆ.
"ಎಲ್ಲಿ ಕೆಲಸ?" ಕೇಳಿದಿರಿ.
ಮೀನಿನ ಶೆಡ್ಡು, ಅಂದೆ.
"ಹಾಗನ್ನಿ."
ಅಷ್ಟೇ. ಆ ಒಂದು ಹಾಗನ್ನಿಯಲ್ಲಿ
ನನ್ನ ಮೂವತ್ತು ವರ್ಷದ ದುಡಿಮೆಯನ್ನು
ಗುಲಗಂಜಿ ತೂಕಕ್ಕೆ ಇಳಿಸಿದಿರಿ.

ಕೆಲಸದ ಹೊತ್ತಲ್ಲಿ ಅದು ಬೆರಳಲ್ಲಿರಲಿಲ್ಲ, ಸ್ವಾಮಿ.
ಲಾಕರಿನೊಳಗೆ, ಸಾಸಿವೆಯ ಖಾಲಿ ಡಬ್ಬಿಯಲ್ಲಿ
ಹತ್ತಿಯ ಮೇಲೆ ಮಲಗಿರುತ್ತಿತ್ತು.
ದಿನಕ್ಕೆ ಎಂಟು ನೂರು ಹ್ಯಾಡಕ್ ಸೀಳುವ ಕೈ ಇದು,
ಮುಳ್ಳಿಗೂ ಮಾಂಸಕ್ಕೂ ನಡುವಿನ ಸಂದನ್ನು
ಕಣ್ಣು ಮುಚ್ಚಿ ಬಲ್ಲ ಕೈ.
ಯಾವುದು ತನ್ನಿಂದ ಮುರಿಯಿತು,
ಯಾವುದು ಮುರಿದೇ ಬಂತು, ಅದಕ್ಕೆ ಗೊತ್ತು.

ಎರಡನೆಯ ಸಲ ಗ್ಯಾರಂಟಿ ಚೀಟಿ ತಂದೆ.
ಅದರ ಬುಡದ ಸಣ್ಣಕ್ಷರವನ್ನು ನೀವು
ಪಾದ್ರಿಯ ದನಿಯಲ್ಲಿ ಓದಿದಿರಿ:
ಸವೆತಕ್ಕೆ, ಪೆಟ್ಟಿಗೆ, ಅಲಕ್ಷ್ಯಕ್ಕೆ ಅಂಗಡಿ ಹೊಣೆಯಲ್ಲ.
ಅಷ್ಟರಲ್ಲಿ ಹಿಂದಿನ ಪರದೆ ಸರಿಯಿತು.
ನಿಮ್ಮಲ್ಲಿ ಕೆಲಸ ಕಲಿಯುವ ಹುಡುಗಿ, ಶೋನಾ ಅಂತಲೋ ಏನೋ,
ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಬಂದವಳು
ಉಂಗುರ ತಿರುಗಿಸಿದಳು, ಬಾಯುಸಿರು ಹಾಕಿ ಒರೆಸಿದಳು,
ಮತ್ತೆ ತಿರುಗಿಸಿ
"ಪೆಟ್ಟಲ್ಲ ಇದು. ಬೆಸುಗೆಯೊಳಗೆ ಗಾಳಿಗುಳ್ಳೆ" ಅಂದಳು.
ಅಂಗಡಿಯ ಗಡಿಯಾರಗಳು, ಹದಿನೇಳಿದ್ದವು, ಎಣಿಸಿದೆ,
ಒಂದೊಂದೂ ತನ್ನದೇ ಹೊತ್ತು ಹೇಳುತ್ತಿದ್ದವು.
ನೀವು ಕೆಮ್ಮಿದಿರಿ. ರಸೀದಿ ಬರೆದಿರಿ.
"ಎರಡು ವಾರ."

ಐದು ವಾರವಾಯಿತು. ಇರಲಿ.
ಬೋಳು ಬೆರಳು ಕಂಡು ಶೆಡ್ಡಿನ ಹೆಂಗಸರು
ಡಾಡ್‌ಗೇನಾಯಿತು ಅಂತ ಕೇಳದೆಯೇ ಕೇಳಿದರು.
ಐವತ್ತೆರಡಕ್ಕೆ ಮೊದಲ ಉಂಗುರ ತೊಟ್ಟವಳ ಮೇಲೆ
ಊರಿಗೆ ಎಲ್ಲಿಲ್ಲದ ಮರುಕ.

ಇವತ್ತು ಮೂರನೆಯ ಸಲ.
ನೀಲಿ ಮಖಮಲ್ಲಿನ ಮೇಲಿಟ್ಟು ನನ್ನತ್ತ ತಳ್ಳಿದಿರಿ.
ನಾಲ್ಕೂ ಉಗುರು ಗಟ್ಟಿ, ಒಪ್ಪಿದೆ.
ಕಲ್ಲು ಬೆಳಕು ಎರಚುತ್ತಿದೆ, ಅದನ್ನೂ ಒಪ್ಪಿದೆ.
ಆದರೆ ಚುಕ್ಕೆ ಎಲ್ಲಿ, ಫಾರ್ಕರ್ಸನ್?

ನನ್ನ ಕಲ್ಲಿನ ಎಡಮೂಲೆಯಲ್ಲೊಂದು ಕಪ್ಪಿತ್ತು,
ಗಸಗಸೆಯ ಕಾಲುಭಾಗ.
ಮಾರುವಾಗ ನೀವದನ್ನು ಡಾಡ್‌ಗೆ ತೋರಿಸಲಿಲ್ಲ.
ಕಂಡವಳು ನಾನು, ಐಸ್ ಲಾರಿಯ ಮುಂದಿನ ಸೀಟಿನಲ್ಲಿ,
ರಸ್ತೆ ಬದಿಗೆ ನಿಲ್ಲಿಸಿ ಅವನು
ಬುತ್ತಿಡಬ್ಬಿಯಿಂದ ಉಂಗುರ ತೆಗೆದ ಬೆಳಗ್ಗೆ.
ಇದರಲ್ಲೇನೋ ಕಸ, ಅಂದೆ.
ಅವನು ಕನ್ನಡಕ ಹುಡುಕಿದ. ತಲೆಯ ಮೇಲೇ ಇತ್ತು.
"ಕಸವಲ್ಲ, ನಾನು. ಒಳಗೆ ಕೂತಿದ್ದೇನೆ" ಅಂದ.
ನನಗೆ ತಿಳಿದಂತೆ ಅವನ ಆಯುಷ್ಯದ
ಎರಡನೆಯ ತಮಾಷೆ ಅದು.

"ಅದು ದೋಷದ ಕಲ್ಲು, ಮೇಡಂ," ಅನ್ನುತ್ತೀರಿ,
"ಕೈಯಿಂದ ಹಾಕಿ ಒಳ್ಳೆಯದು ಕೂರಿಸಿದ್ದೇವೆ."
ಯಾರು ಹಾಕಿ ಅಂದರು?
ಗುಲಗಂಜಿಗೆ ತನ್ನ ಕಪ್ಪು ಕಾಣದಂತೆ.
ನನ್ನದು ನನಗೆ ಕಾಣುತ್ತಿತ್ತು, ದಿನಾ ನೋಡುತ್ತಿದ್ದೆ.
ಬೆಸುಗೆ ನಿಮ್ಮ ತಪ್ಪು, ತಿದ್ದಿ ಅಂದೆ.
ಅವನನ್ನು ತಿದ್ದಿ ಅನ್ನಲಿಲ್ಲ.

ಡ್ರಾಯರು ಎಳೆಯಿರಿ. ಹುಡುಕಿ.
ನನ್ನ ಶಿಫ್ಟು ಎರಡು ಗಂಟೆಗೆ, ಇಲ್ಲೇ ಕೂರುತ್ತೇನೆ.

ಪರದೆಯ ಹಿಂದೆ ಕಾಗದದ ಪೊಟ್ಟಣ ಬಿಚ್ಚುವ ಸದ್ದು.
ಶೋನಾ ಬರುತ್ತಾಳೆ, ಮುಷ್ಟಿ ಬಿಗಿದು.
"ಮಸೂರ ಕೊಡಲೇ?"
ಬೇಡ ಮಗಳೇ.
ಕೆಳಗೆ ದೀಪವಿಟ್ಟ ಮೇಜಿನ ಮೇಲೆ
ಮೀನಿನ ಹೋಳು ಹರಡಿ ಹುಳ ಹುಡುಕಿದ ಕಣ್ಣಿದು.
ಕಿಟಕಿಯ ಹತ್ತಿರ ಹಿಡಿ. ಸ್ವಲ್ಪ ಎಡಕ್ಕೆ.
ಇನ್ನೂ ಸ್ವಲ್ಪ.
ಹಾಂ, ಅಲ್ಲೇ.