ಮೀನಿನ ಅಂಗಿ

ಇಡೀ ಸಿನೆಮಾದ ಖರ್ಚು ಒಂದು ಹಳೇ ಟ್ರ್ಯಾಕ್ಟರಿನ ಕಿಮ್ಮತ್ತು.
ಕ್ಯಾಮೆರಾ ಇಸಾಕ ಬಾಗವಾನಂದು, ಲಗ್ನ ಇಲ್ಲದ ದಿನ ಅಷ್ಟ ಸಿಗತಿತ್ತು.
ಕತಿ ಸಹನಾ ಸಿಕ್ಕೇರಿದು, ವಯಸ್ಸು ಇಪ್ಪತ್ತಾರು.
ಹಳೇ ಬಾಗಲಕೋಟಿ ಮುಳುಗೂ ಮುಂದ ಆಕಿ ತೊಟ್ಟಿಲದಾಗ.

"ಕಾಕಾ, ಊರು ಬಿಡೂವಾಗ ದೊಡ್ಡಾವರೆಲ್ಲಾ ಎದ್ದು ಬಂದ್ರು,
ಒಬ್ಬ ಹುಡುಗ ಬರಲಿಲ್ಲ. ನೀರಾಗ ಉಳಕೊಂಡು
ಉಸಿರಾಡೂದು ಕಲತು ಮೀನಾದ.
ಈಗ ಅರವತ್ತು ದಾಟಿದ ಮುದುಕ ಅವನ್ನ ಕರಿಯಾಕ ಹೋಗ್ತಾನ.
ಹುಡುಗನೂ ಅವನ, ಮುದುಕನೂ ಅವನ."
ನಟನಾ ಬರೂದಿಲ್ಲ ತಂಗಿ, ಅಂದೆ,
ಸರಪಳಿ ಹಿಡದು ಅಳಿಯೂದು ಒಂದ ನನಗ ಬರೂದು.
"ಅದಕ್ಕ ನಿಮ್ಮನ್ನ ಕೇಳಿದ್ದು," ಅಂದ್ಲು.

ಬರೋಬ್ಬರಿ. ಮುಳುಗೂ ಮನಿಗೆ ನಂಬರ್ ಬರದಾವ ನಾನು.
ಕೆಂಪು ಬಣ್ಣ, ಒಂದು ಕುಂಚ, ಒಂದು ರಜಿಸ್ಟರ್.
ಗ್ವಾಡಿ ಉದ್ದ ಇಷ್ಟು, ತೊಲಿ ಇಷ್ಟು, ಬಾಗಲಾ ಎರಡು,
ಬೇವಿನ ಗಿಡ ಒಂದು, ಫಲ ಇಲ್ಲ.
ನಮ್ಮ ಮನಿಗೂ ನಾನ ಬರದೆ. ಅವ್ವ ಹೊಸ್ತಲದಾಗ ನಿಂತಿದ್ಲು,
"ಸ್ವಲ್ಪ ಚಂದಂಗ ಬರಿ," ಅಂದ್ಲು.

ಗುಳೇದಗುಡ್ಡದ ಖಣ ಹೊಲಿದು ಮೀನಿನ ಅಂಗಿ ಮಾಡಿದ್ರು.
ಬಾಲಕ್ಕ ಸಿಂಪಿಗರ ಈರಣ್ಣ ಛತ್ರಿ ಕಡ್ಡಿ ಹಾಕಿದ್ದ,
ತಲಿಗೆ ಖಣ ಹೊಚ್ಚಿದ ಬುಟ್ಟಿ, ಪೌಡರ್ ಡಬ್ಬಿ ಮುಚ್ಚಳದ ಕಣ್ಣು.
ಒಳಗ ದಾವಲ್, ಮೂರನೇತ್ತಾ,
ದಿನಕ್ಕ ಮುನ್ನೂರು ರೂಪಾಯಿ, ಮ್ಯಾಲೊಂದು ಕುಲ್ಫಿ ಅಂತ ಕರಾರು.
ಕುಲ್ಫಿ ಮೊದಲ, ಆಮ್ಯಾಲ ಸಿನೆಮಾ.

ಮೇ ತಿಂಗಳ. ಹಿನ್ನೀರು ಇಳದು ಓಣಿ ಮ್ಯಾಲ ಬಂದಿದ್ವು,
ಮುರದ ಹಲ್ಲಿನಂಗ ಬುನಾದಿ.
ಯಾರದೋ ಪಡಸಾಲ್ಯಾಗ ಎಮ್ಮಿ ಮಲಗಿ ಮೆಲಕು ಹಾಕತಿತ್ತು.
ಸಹನಾ "ಆಕ್ಷನ್" ಅಂದ್ಲು. ಎಮ್ಮಿ ಎದ್ದು ನಿಂತಿತು.
ಮತ್ತ "ಆಕ್ಷನ್". ಬಾಲ ಉಚ್ಚಿ ಬಿತ್ತು.
ಒಂಬತ್ತನೇ ಸಲ ನನ್ನ ಮಾತು ಸರಿ ಹೇಳಿದೆ:
"ಬಾರೋ, ಮನಿಗೆ ಹೋಗೂಣು."
ಮೀನು ನನ್ನ ಕೈ ಹಿಡಕೊಂಡು ಬರಬೇಕು, ಹಂಗಂತ ಬರದಿತ್ತು.
ಬರಲಿಲ್ಲ. ಬುಟ್ಟಿ ಒಳಗಿಂದ ಕೇಳತು:
"ಯಾಕ ಬರ್ಲಿ? ಅಲ್ಲಿ ಏನೈತಿ?"

ಕ್ಯಾಮೆರಾ ಓಡತಿತ್ತು. ಯಾರೂ ಕಟ್ ಅನ್ನಲಿಲ್ಲ.
ಅಲ್ಲಿ ಏನೈತಿ ಅಂತ ನೆನಸಾಕ ಹತ್ತಿದೆ:
ಸೆಕ್ಟರ್ ಇಪ್ಪತ್ತೇಳು, ನೆಟ್ಟಗಿನ ರಸ್ತೆ,
ಬಿ.ಪಿ. ಗುಳಗಿ, ಪೆನ್ಶನ್ ಪಾಸಬುಕ್ಕು,
ಬಟ್ಟಲದಾಗ ನೆನಿ ಇಟ್ಟ ಮೆಂತೆ.
ಒಂದೂ ಆ ಹುಡುಗನ ಮುಂದ ಹೇಳೂವಂಥದ್ದಲ್ಲ.

ಮಣಕಾಲ ಊರಿದೆ. ನೆಲ ಇನ್ನೂ ಹಸಿ.
"ಇಲ್ಲಿ ದೀಪದ ಗೂಡು ಇತ್ತು," ಅಂದೆ, ಇದು ಕತ್ಯಾಗ ಇರಲಿಲ್ಲ,
"ಅದರಾಗ ಒಂದು ಬುಗರಿ, ಮೊಳಿ ಸಡಲಾಗಿದ್ದು.
ಬರಕೊಳ್ಳೂದು ಮರತೆ."
"ಎಲ್ಲಿ ಬರಕೊಳ್ಳೂದು?"
"ರಜಿಸ್ಟರದಾಗ."
"ಅದಕ್ಕ ಎಷ್ಟು ರೊಕ್ಕ ಕೊಡ್ತಿದ್ರು?"
ಲೆಕ್ಕಾ ಮಾಡಿದೆ. ಮೂವತ್ತು ವರ್ಷದ ನೌಕರಿ,
ಒಂದು ಪೈಸೆ ತಪ್ಪಿದಾವಲ್ಲ. ಹೇಳಾಕ ಬರಲಿಲ್ಲ.
ಮೀನು ಬುಟ್ಟಿ ತಗದು ನನ್ನ ತಲಿ ಮ್ಯಾಲ ಇಟ್ಟು,
"ನೀವ ಹುಡುಕ್ರಿ, ನನಗ ಸೆಕಿ ಆಗೈತಿ," ಅಂದು
ಕುಲ್ಫಿ ಗಾಡಿ ಕಡೆ ಓಡಿತು, ಬಾಲ ಎಳಕೊಂತ.

ಬುಟ್ಟಿ ಒಳಗ ಬ್ಯಾರೇ ಬೆಳಕು. ಖಣದ ಎಳಿ ಸಂದ್ಯಾಗ
ನೀರು ಕೆಂಪು, ಎಮ್ಮಿ ಹಸರು.
ಹುಡುಗನ ಬೆವರಿನ ವಾಸನಿ. ನಂದೂ ಇದ್ದೀತು.
ಉಗರಿನಿಂದ ಮಣ್ಣು ಕೆದರಿದೆ. ಬುಗರಿ ಸಿಗಲಿಲ್ಲ.
ಒಂದು ಗಿಲಾವಿನ ಚೂರು ಸಿಕ್ಕಿತು, ಅದರ ಮ್ಯಾಲ ಕೆಂಪು ಬಣ್ಣ,
ನನ್ನ ಕೈಬರಹದ ನಾಲ್ಕರ ಅರ್ಧ,
ಅವ್ವ ಹೇಳಿದ ಮ್ಯಾಲ ಚಂದಂಗ ಬರದದ್ದು.

ಸಂಜಿಗೆ ಬುಟ್ಟಿ ವಾಪಸ್ ಯಾರೂ ಕೇಳಲಿಲ್ಲ.
ಹಾಕ್ಕೊಂಡ ಸ್ಕೂಟರ್ ಹತ್ತಿದೆ.
ನವನಗರದ ಸರ್ಕಲ್‌ದಾಗ ಪೊಲೀಸ ಕೈ ಮಾಡಿದ:
"ಹೆಲ್ಮೆಟ್?"
"ಇದ."
ಒಂದು ಸುತ್ತು ತಿರಗಿ ನೋಡಿದ, ಮುಚ್ಚಳದ ಕಣ್ಣು ಬಡದು ನೋಡಿದ.
"ಮನಿ ಎಲ್ಲಿ ನಿಮ್ಮದು?"
ಸೆಕ್ಟರ್ ನಂಬರ್ ನಾಲಿಗಿ ತುದಿಗೆ ಬಂದಿತ್ತು.
"ಸೇದೂ ಬಾವಿ ಎದುರ," ಅಂದೆ, "ಬೇವಿನ ಗಿಡ ಇರೂ ಮನಿ."
ಅವ ದಂಡದ ಪುಸ್ತಕ ಕಿಸೇದಾಗ ಇಟ್ಟ.
"ಸಾವಕಾಶ ಹೋಗ್ರಿ," ಅಂದ, "ಮುಂದ ನೀರೈತಿ."