ನಾಲ್ಕುನೂರ ಹತ್ತು ಗ್ರಾಂ

ತಟ್ಟೆ, ರಟ್ಟು, ಲಕೋಟೆ, ಅಂಟುಪಟ್ಟಿ ಎಲ್ಲ ಸೇರಿ
ಒಂದೊಂದೂ ನಾಲ್ಕುನೂರ ಹತ್ತು ಗ್ರಾಂ.
ನನಗೆ ಬಾಯಿಪಾಠ. ಫೆರೋ ದ್ವೀಪದ ಈ ಮೂಲೆಯ ಅಂಚೆ ಕಿಟಕಿಯಲ್ಲಿ
ಆ ಆಲ್ಬಮ್ಮಿಗೆ ಮೊದಲು ತಲೆದೂಗಿದ್ದು ನನ್ನ ತಕ್ಕಡಿ.

ಮೂರು ಚಳಿಗಾಲ ಹಿಡಿಯಿತು ಅವರಿಗೆ.
ತ್ರೋಂಡುರ್ ಕಾರ್ಖಾನೆಯಲ್ಲಿ ಸಾಲ್ಮನ್ ಹೊಟ್ಟೆ ಸೀಳುವವನು;
ಬೆಲ್ಟು ನಿಲ್ಲುವುದಿಲ್ಲ, ಕೈಯೂ ನಿಲ್ಲುವಂತಿಲ್ಲ.
ಡ್ರಮ್ಮಿನ ಲಯ ಅಲ್ಲಿಂದಲೇ ಕದ್ದದ್ದು ಅಂತ ಅವನೇ ಒಪ್ಪುತ್ತಾನೆ:
ಏಳು ಮೀನು, ಐದು ಮೀನು, ಕತ್ತಿ ಒರೆಸು.
ಹದಿಮೂರು.
ರಾನ್ವಾ ಶಾಲೆಯಲ್ಲಿ ಲೆಕ್ಕದ ಮೇಡಂ. ಎಂಟು ತಂತಿಯ ಗಿಟಾರಿನ ಕಂತು
ಇನ್ನೂ ನನ್ನ ಕಿಟಕಿಯಲ್ಲೇ ಕಟ್ಟುತ್ತಾಳೆ.
ಬಾರ್ದುರ್ ದಡದಿಂದ ದಡಕ್ಕೆ ಹೋಗುವ ಹಡಗಿನಲ್ಲಿ ಟಿಕೆಟ್ ಹರಿಯುವವನು,
ಹಗಲೆಲ್ಲ "ಮುಂದೆ ಬನ್ನಿ, ಇನ್ನೂ ಮುಂದೆ, ಬ್ರೇಕ್ ಹಾಕಿ" ಎಂದು ಕೂಗಿ ಕೂಗಿ
ರಾತ್ರಿ ಅವನ ಗಂಟಲು ಜಲ್ಲಿಕಲ್ಲು ಅಗಿದಂತೆ ಹಾಡುತ್ತಿತ್ತು.

ಧ್ವನಿಮುದ್ರಣ, ಕುರಿಮಾಂಸ ಒಣಹಾಕುವ ಮರದ ಕೊಟ್ಟಿಗೆಯಲ್ಲಿ.
ಹಲಗೆ ಹಲಗೆಯ ನಡುವೆ ಬೆರಳಗಲ ಸಂದು,
ಗಾಳಿ ಬರಲೆಂದೇ ಕಟ್ಟಿದ್ದು.
ಗಾಳಿ ಬಂತು.
ಮೈಕಿಗೆ ಉಣ್ಣೆಯ ಕಾಲುಚೀಲ ತೊಡಿಸಿದರು,
ಸಂದಿಗೆ ಹರಿದ ಬಲೆ, ಹಳೇ ಸ್ವೆಟರು ತುರುಕಿದರು,
ಆದರೂ ಬಂತು.
ಮೂರನೆಯ ಚಳಿಗಾಲ ರಾನ್ವಾ ಸ್ವೆಟರನ್ನೆಲ್ಲ ಕಿತ್ತೆಸೆದು
"ಇದು ಹೋಗೋ ಪೈಕಿ ಅಲ್ಲ, ಇದಕ್ಕೂ ಒಂದು ಭಾಗ ಕೊಡೋಣ" ಅಂದಳಂತೆ.
ಹದಿನೇಳನೆಯ ನಿಮಿಷದಲ್ಲಿ ಎಲ್ಲ ವಾದ್ಯ ಒಮ್ಮೆಲೇ ನಿಂತು
ಬರೀ ಸಂದು ಉಸಿರಾಡುವ ಜಾಗ ಇದೆಯಲ್ಲ, ಅದು.
ಹಿಂದೆಲ್ಲೋ ತೊಟ್ಟಿಕ್ಕುವುದು ತಾಳ ಅಲ್ಲ,
ತೊಲೆಗೆ ನೇತುಬಿದ್ದ ತೊಡೆಯ ಕೊಬ್ಬು.

ಮುನ್ನೂರು ಪ್ರತಿ ಒತ್ತಿಸಿದರು, ತ್ರೋಂಡುರ್ ಕಾರು ಮಾರಿದ ದುಡ್ಡಿನಲ್ಲಿ.
ಮೊದಲ ವಾರ ನಲವತ್ತೊಂದು ಹೋದವು,
ಗ್ಡಾನ್ಸ್ಕಿಗೆ, ಲೈಪ್ಜಿಗ್‌ಗೆ, ಒಂದು ಒಸಾಕಾಕ್ಕೆ.
ಒಸಾಕಾದ ದಿನ ಕಿಟಕಿ ಎಳೆದು ನಾಲ್ವರೂ ಕಾಫಿ ಕುಡಿದೆವು.
ಆಮೇಲೆ ಜರ್ಮನಿಯ ಪತ್ರಿಕೆ ಬಂತು. ಹತ್ತಕ್ಕೆ ಐದು.
"ಲೆಕ್ಕ ಇದೆ, ರಕ್ತ ಇಲ್ಲ" ಅಂತ ಬರೆದಿದ್ದ ಪುಣ್ಯಾತ್ಮ.
ದಿನಕ್ಕೆ ಎಂಟು ಗಂಟೆ ಮೊಣಕೈವರೆಗೆ ರಕ್ತದಲ್ಲಿ ನಿಲ್ಲುವ ತ್ರೋಂಡುರ್
ಅದನ್ನು ಎರಡು ಸಲ ಓದಿಸಿಕೊಂಡ. ನಗಲಿಲ್ಲ.
ಕೋಪನ್‌ಹೇಗನ್ನಿನವನೊಬ್ಬ ಗಾಳಿಯನ್ನು ತುಂಬ ಮೆಚ್ಚಿ
ಯಾವ ಯಂತ್ರದಲ್ಲಿ ಮಾಡಿದಿರಿ ಎಂದು ಕೇಳಿದ.
ಎರಡು ಪ್ರತಿ ವಾಪಸು ಬಂದವು: ವಿಳಾಸದಾರರು ಮನೆ ಬಿಟ್ಟಿದ್ದಾರೆ.

ಊರು ಕಮಕ್ ಕಿಮಕ್ ಅನ್ನಲಿಲ್ಲ.
ಮರಿಹಾಕುವ ಕಾಲದಲ್ಲಿ ಮಾತ್ರ ಬೇಡಪ್ಪ, ಅಂದ ಕುರಿಯ ಯೋಗ್ವಾನ್.

ವಾಪಸು ಬಂದದ್ದರಲ್ಲಿ ಒಂದನ್ನು ಮನೆಗೆ ತಂದು ಹಾಕಿದೆ.
ಅತ್ತೆ ಆಲೂಗಡ್ಡೆ ಹೆರೆಯುತ್ತಿದ್ದಳು.
ಸುನ್ನಿವಾ, ಎಂಬತ್ತಾರು, ಕುಣಿತದ ರಾತ್ರಿ ಕೈಕೈ ಹಿಡಿದ ಸುತ್ತಿನಲ್ಲಿ
ನೂರೆಪ್ಪತ್ತು ಪದ್ಯ ಪುಸ್ತಕ ನೋಡದೆ ಎತ್ತಿಕೊಡುವವಳು.
ಮೇಜಿನ ಕೆಳಗೆ ಅವಳ ಪಾದ ನೋಡಿದೆ:
ಎಡಕ್ಕೆ ಎರಡು, ಹಿಂದಕ್ಕೆ ಒಂದು.
"ಅತ್ತೆ, ಇದು ಹದಿಮೂರು" ಅಂದೆ.
"ಇರಲಿ ಬಿಡು. ನಮ್ಮಲ್ಲಿ ಕಾಲು ಆರಕ್ಕೆ ಬರುತ್ತೆ, ಮಾತು ನಾಲ್ಕಕ್ಕೇ ಮುಗಿಯುತ್ತೆ,
ಸೇರುವಲ್ಲಿ ಸೇರುತ್ತೆ. ಕಾಯಬೇಕು, ಅಷ್ಟೇ."
ಸ್ವಲ್ಪ ಹೊತ್ತು ಬಿಟ್ಟು:
"ಆ ಹುಡುಗನ ಗಂಟಲಿಗೆ ಏನಾದರೂ ಕೊಡಬಾರದೇ ಯಾರಾದರೂ."
ಗಾಳಿ ಬಂದಾಗ ಎದ್ದುಹೋಗಿ ಕಿಟಕಿ ಭದ್ರವಾಗಿದೆಯೇ ನೋಡಿದಳು.

ಇದನ್ನು ತ್ರೋಂಡುರ್‌ಗೆ ಹೇಳಬೇಕು, ಹೇಳಬೇಕು ಅಂತಲೇ
ವಸಂತ ಕಳೆಯಿತು. ನೂರೆಂಬತ್ತೆಂಟು ಪ್ರತಿ ನನ್ನ ಹಿಂಬದಿಯ ಕೋಣೆಯಲ್ಲಿ,
ಪಿಂಚಣಿ ಅರ್ಜಿಗಳ ಪಕ್ಕ.

ಇವತ್ತು ಒಂದು ಹೋಗುತ್ತಿದೆ, ಚಿಲಿಯ ತುತ್ತತುದಿಯ ಯಾವುದೋ ಬಂದರಿಗೆ.
ತಕ್ಕಡಿ ನಾಲ್ಕುನೂರ ಹದಿಮೂರು ತೋರಿಸಿತು.
ಕೆಳಗಿಟ್ಟು ಮತ್ತೆ ತೂಗಿದೆ. ಹದಿಮೂರೇ.
ಒಳಗೆ ಏನು ಹಾಕಿದ್ದೀ ಅಂತ ಕೇಳಲಿಲ್ಲ,
ತ್ರೋಂಡುರ್ ಕಿಟಕಿಯಾಚೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ.
ಹತ್ತು ಗ್ರಾಮಿನ ಲೆಕ್ಕಕ್ಕೇ ಚೀಟಿ ಹಚ್ಚಿ
ಚೀಲದೊಳಗೆ ಬಿಟ್ಟೆ.